ಶಿವಯೋಗಿಯ ನೆರಳು ಮತ್ತು ಎಂಟು ಪಾಯಿಂಟ್ ನಾಲ್ಕು

ಹದಿನಾಲ್ಕನೆಯ ನೋಟಿಸೂ ಬಂತು. ಹಳದಿ ಕಾಗದ, ಮೇಲೆ ಪುರಸಭೆಯ ಮೊಹರು, ಕೆಳಗೆ ಅದೇ ನಾಲ್ಕು ಕಾಲಂ. ಮೃತರ ಹೆಸರು, ನೆರಳು ಬಿದ್ದಿರುವ ಸ್ಥಳ, ತೊಳೆಯಬೇಕಾದವರು, ಈವರೆಗೆ ತೊಳೆಯದಿರಲು ಕಾರಣ. ಮೊದಲ ಮೂರನ್ನು ಅವರೇ ತುಂಬಿ ಕಳಿಸುತ್ತಾರೆ. ಶಿವಯೋಗಿ. ಬೆಳಕಿನ ಪ್ರಯೋಗಾಲಯದ ತಾರಸಿ. ಹೆಂಡತಿ, ಕಸ್ತೂರಿ. ನಾಲ್ಕನೆಯದರಲ್ಲಿ ನಾನು ಪ್ರತಿ ತಿಂಗಳೂ ‘ಬಿಡುವಿಲ್ಲ’ ಎಂದು ಬರೆದು ವಾಪಸು ಕೊಡುತ್ತೇನೆ.

ನಮ್ಮೂರಿನಲ್ಲಿ ಸತ್ತವರ ನೆರಳು ಅವರು ಹೆಚ್ಚು ಹೊತ್ತು ನಿಲ್ಲುತ್ತಿದ್ದ ಜಾಗದಲ್ಲಿ ಅಚ್ಚೊತ್ತಿ ಉಳಿದುಬಿಡುತ್ತದೆ; ಅದನ್ನು ಹನ್ನೊಂದನೆಯ ದಿನ ತೊಳೆಯುತ್ತಾರೆ. ಒಂದು ಕೊಡ ಅಂಟವಾಳದ ನೀರು, ತೆಂಗಿನ ನಾರಿನ ಬ್ರಷ್ಷು, ಅರ್ಧ ಗಂಟೆಯ ಕೆಲಸ. ಮನೆಯವರು ಉಜ್ಜಿದರೆ ಮಾತ್ರ ಹೋಗುತ್ತದೆ. ಮನೆಯವರು ಮಾಡದಿದ್ದರೆ ಪುರಸಭೆಯವರು ಬಂದು ಉಳಿ ಹಿಡಿದು ನೆಲವನ್ನೇ ಕೆತ್ತಿಹಾಕುತ್ತಾರೆ. ಬದುಕಿರುವವರದ್ದು ತಾನಾಗಿಯೇ ಹೋಗುತ್ತದೆ. ಒಂದು ತಾಸು ನಿಂತರೆ ಸಂಜೆಯ ತನಕ ಉಳಿಯುತ್ತದೆ, ಅಷ್ಟೆ. ಅದಕ್ಕೇ ಅಂಗಡಿಯವರು ಬಾಗಿಲ ಮುಂದೆ ಹರಟುವವರನ್ನು ‘ಆ ಕಡೆ ನಿಲ್ರಿ, ಅಕ್ಕಿ ಬಣ್ಣ ಕಾಣಂಗಿಲ್ಲ’ ಎಂದು ಗದರುವುದು. ಚೌಕದ ಹುಣಸೆಮರವನ್ನು ಕಡಿದದ್ದು ನಾನು ಹುಟ್ಟುವ ಮೊದಲು. ಅದರ ನೆರಳಿನಲ್ಲಿ ಕೂರಲು ಸೊಪ್ಪಿನವರು ಇವತ್ತಿಗೂ ಜಗಳವಾಡುತ್ತಾರೆ.

ಇಂಥ ಊರಿಗೆ ಕಪ್ಪು ಗಾಜಿನ ಸೋಲಾರ್ ಹಲಗೆ ಆಗಿಬರುವುದಿಲ್ಲ. ಒಮ್ಮೆ ಬ್ಯಾಂಕಿನ ಮೇಲೆ ಹಾಕಿದ್ದರು, ರಸ್ತೆಗೆ ಚಾಚಿಕೊಂಡಂತೆ. ಜನ ಗಲಾಟೆ ಮಾಡಿ ತೆಗೆಸಿದರು. ತೆಗೆದು ಆರು ವರ್ಷವಾಯಿತು, ಆ ಬೀದಿಯಲ್ಲಿ ಈಗಲೂ ಹಪ್ಪಳ ಒಣಗುವುದಿಲ್ಲ. ಆಮೇಲೆ ಪುರಸಭೆ ನಮ್ಮ ಪ್ರಯೋಗಾಲಯವನ್ನು ತೆರೆಯಿತು. ನಾವು ಮಾಡುವುದು ಈರುಳ್ಳಿ ಸಿಪ್ಪೆಯಂತೆ ತೆಳುವಾದ, ಅರ್ಧ ಬೆಳಕನ್ನು ಕೆಳಕ್ಕೆ ಬಿಡುವ ಫಿಲ್ಮು. ಇಂಗಾಲದ ಎರಡು ವಸ್ತುಗಳ ಬೆರಕೆ ಅದು. ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನನ್ನು ಕೊಡುತ್ತದೆ, ಇನ್ನೊಂದು ಇಸಿದುಕೊಳ್ಳುತ್ತದೆ. ಎರಡೂ ಪೂರ್ತಿ ಕಲಸಿಹೋದರೆ ವಿದ್ಯುತ್ತಿಗೆ ಹೊರಗೆ ಬರುವ ದಾರಿ ಇರುವುದಿಲ್ಲ. ಬೇರೆ ಬೇರೆ ನಿಂತುಬಿಟ್ಟರೆ ಅದು ಹುಟ್ಟುವುದೇ ಇಲ್ಲ. ಎಷ್ಟು ಕಲಸಬೇಕು, ಎಷ್ಟು ಬಿಡಬೇಕು ಎನ್ನುವುದು ದ್ರಾವಕ ಆರುವ ಕೆಲವು ಸೆಕೆಂಡುಗಳಲ್ಲಿ ತೀರ್ಮಾನವಾಗುತ್ತದೆ. ಆ ಸೆಕೆಂಡುಗಳ ಮೇಲೆ ನಾನು ಮತ್ತು ಶಿವಯೋಗಿ ಮೂರು ವರ್ಷ ಕೆಲಸ ಮಾಡಿದೆವು.

ಪುರಸಭೆ ಕೇಳಿದ್ದು ಶೇಕಡಾ ಹತ್ತು. ಬಿದ್ದ ಬೆಳಕಿನ ಹತ್ತರಲ್ಲಿ ಒಂದು ಪಾಲು ವಿದ್ಯುತ್ತಾಗಬೇಕು. ಶಿವಯೋಗಿ ಇದ್ದಾಗ ಒಂಬತ್ತು ಪಾಯಿಂಟ್ ಎರಡು ಬರುತ್ತಿತ್ತು. ಒಂದು ಮಂಗಳವಾರ ತಾರಸಿಯಿಂದ ಇಳಿದು ಬಂದು ತಲೆನೋವು ಅಂದ. ಶುಕ್ರವಾರ ಇರಲಿಲ್ಲ. ಅದರ ಮುಂದಿನ ವಾರ ಅದೇ ಬಾಟಲಿಗಳಿಂದ, ಅದೇ ಅಳತೆಯಲ್ಲಿ ನಾನು ಮಾಡಿದ ಫಿಲ್ಮು ಐದೂವರೆ ಕೊಟ್ಟಿತು.

‘ಕೈಗುಣ’ ಅಂದರು ಎಲ್ಲರೂ.

ಕೈಗುಣ! ಅವನೇನು ಉಪ್ಪಿನಕಾಯಿ ಹಾಕುತ್ತಿದ್ದನೇ? ಆದರೂ ಅಳತೆ ಸುಳ್ಳಾಡುವುದಿಲ್ಲವಲ್ಲ. ಅವನು ಏನೋ ಮಾಡುತ್ತಿದ್ದ, ನನಗೆ ಹೇಳಿರಲಿಲ್ಲ, ಪುಸ್ತಕದಲ್ಲೂ ಬರೆದಿರಲಿಲ್ಲ ಎಂದುಕೊಂಡೆ. ಅವನ ಪುಸ್ತಕವೋ, ಅರ್ಧ ಖಾಲಿ. ‘ಚೆನ್ನಾಗಿ ಬಂತು’ ಎಂದು ಬರೆದು ಕೆಳಗೆ ಗೆರೆ ಎಳೆಯುವ ವಿಜ್ಞಾನಿ. ಸತ್ತ ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುತ್ತಾರೆ. ಅನ್ನುವವರು ಆ ಪುಸ್ತಕ ನೋಡಿಲ್ಲ.

ದ್ರಾವಕ ಬದಲಿಸಿದೆ. ಎರಡು ಹನಿ ಬೇರೆಯದನ್ನು ಸೇರಿಸಿ ನಿಧಾನವಾಗಿ ಆರಿಸಿದೆ. ಬಿಸಿ ತಟ್ಟೆಯನ್ನು ಐದೈದು ಡಿಗ್ರಿ ಏರಿಸಿದೆ, ಇಳಿಸಿದೆ. ಇಸಿದುಕೊಳ್ಳುವ ವಸ್ತುವನ್ನೇ ಬೇರೆ ತಂದೆ. ಹದಿನಾಲ್ಕು ತಿಂಗಳು, ನೂರಾಹನ್ನೆರಡು ಫಿಲ್ಮು. ಐದೂವರೆ ಆರಾಯಿತು, ಏಳಾಯಿತು, ಎಂಟು ಪಾಯಿಂಟ್ ನಾಲ್ಕಕ್ಕೆ ಬಂದು ಕೂತಿತು. ಮತ್ತೆ ಏಳಲಿಲ್ಲ.

ಫಿಲ್ಮುಗಳನ್ನು ಅಳೆಯಲು ಬಿಸಿಲಿನಂತೆ ಉರಿಯುವ ಒಂದು ದೀಪವಿತ್ತು. ಅದು ಸಿಡಿದು ಎರಡು ವರ್ಷ. ಬೇರೆ ಕೊಡಿ ಎಂದು ಬರೆದ ಪತ್ರಕ್ಕೆ ‘ಬಿಸಿಲು ಇದೆಯಲ್ಲ’ ಎಂದು ಉತ್ತರ ಬಂದಿದೆ. ಹಾಗಾಗಿ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಫಿಲ್ಮನ್ನೂ ಬೆಳಕಿನ ಮೀಟರನ್ನೂ ತಾರಸಿಗೆ ಒಯ್ಯಬೇಕು. ಶಿವಯೋಗಿ ಹೋದ ಮೇಲೆ ಒಯ್ಯುವವಳು ದ್ಯಾಮವ್ವ. ಪ್ರಯೋಗಾಲಯದ ಕಸ ಗುಡಿಸಲು ಬಂದು, ಮೀಟರ್ ಓದಲು ಅವನಿಂದ ಕಲಿತವಳು. ಮೊಣಕಾಲು ನೋವಿದ್ದೂ ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಮೂರು ಸಂಖ್ಯೆ ಬರೆದ ಚೀಟಿ ತಂದು ಕೊಡುತ್ತಾಳೆ: ಎಷ್ಟು ಬೆಳಕು, ಎಷ್ಟು ವೋಲ್ಟ್, ಎಷ್ಟು ಕರೆಂಟ್. ಬಂದ ವಿದ್ಯುತ್ತನ್ನು ಬಿದ್ದ ಬೆಳಕಿನಿಂದ ಭಾಗಿಸುವ ಕೆಲಸ ನನ್ನದು.

ನನ್ನ ಮೊಣಕಾಲು ಚೆನ್ನಾಗಿದೆ. ನನಗೆ ಇಪ್ಪತ್ತೊಂಬತ್ತು. ತಾರಸಿಗೆ ನಾನು ಹೋಗುವುದಿಲ್ಲ.

ಸೋಮವಾರ ನೋಟಿಸು ತಂದವರು ನೆರಳು ಇನ್ಸ್‌ಪೆಕ್ಟರ್ ಗುರುಬಸಪ್ಪನವರೇ. ಸಾಮಾನ್ಯವಾಗಿ ಜವಾನ ತರುತ್ತಿದ್ದ. ನಮ್ಮ ಮುಖ್ಯಸ್ಥರಾದ ಹಾಲಪ್ಪ ಸರ್ ಅವರನ್ನು ಕೂರಿಸಿ ಚಹಾ ತರಿಸಿದರು. ನಾನು ನಿಂತೇ ಇದ್ದೆ.

‘ನೋಡವ್ವಾ, ಸತ್ತವರ ನೆರಳು ಸರಕಾರಿ ಕಟ್ಟಡದಾಗ ಒಂದ ವರ್ಷ ಇರಬಹುದು’ ಎಂದರು ಗುರುಬಸಪ್ಪನವರು. ‘ನಿಮ್ಮದು ಎರಡು ತಿಂಗಳು ಮ್ಯಾಲಾತು. ಬಿಡುವಿಲ್ಲ, ಬಿಡುವಿಲ್ಲ. ಏನವ್ವಾ, ಅರ್ಧ ತಾಸು ಬಿಡುವಿಲ್ಲೇನು?’

‘ಇಲ್ಲ’ ಎಂದೆ.

‘ಶುಕ್ರವಾರ ನಿಮ್ಮ ಫಿಲಂ ಅಳಿಲಿಕ್ಕೆ ಬರ್ತೀನಿ. ಹತ್ತು ಬಂತು, ಕೆಲಸ ಮುಂದುವರೀತದ, ಕಟ್ಟಡ ನಿಮ್ಮದು, ನೆರಳಿಂದೂ ಮಾತಾಡೋಣಂತ. ಬರಲಿಲ್ಲ, ಸೋಮವಾರ ಕಟ್ಟಡ ಪುರಸಭೆಗೆ. ಬಂದ ಕೂಡ್ಲೆ ಉಳಿ ಹಚ್ಚತೀವಿ.’ ಚಹಾ ಕುಡಿದು ಬಸಿ ಕೆಳಗಿಟ್ಟರು. ‘ಹತ್ತು ಬಂದ್ರೂ ನನಗೇನ್ ಉಪಯೋಗ ಬಿಡ್ರಿ. ಟಾಕೀಸ್ ಕೆಡವಿ ಹದಿನೆಂಟು ವರ್ಷಾತು, ಅದರ ನೆರಳು ಇನ್ನೂ ನಮ್ಮ ಓಣಿ ಮ್ಯಾಲೇ ಮಲಗೇತಿ. ವಾರಸದಾರರು ಏಳು ಮಂದಿ, ಒಬ್ಬನೂ ಬ್ರಷ್ ಹಿಡಿಯಂಗಿಲ್ಲ. ನನ್ನ ಮನಿ ಮ್ಯಾಲ ಬಿಸಲು ಎಲ್ಲೈತಿ, ಫಿಲಂ ಹಾಕಾಕ?’

ಅವರು ಹೋದ ಮೇಲೆ ಹಾಲಪ್ಪ ಸರ್ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮಾತು ಹೇಳುವ ಮೊದಲು ಅವರು ಕನ್ನಡಕ ಒರೆಸುತ್ತಾರೆ.

‘ಕಸ್ತೂರಿ, ಒಂದು ಮಾತು. ತಪ್ಪು ತಿಳೀಬೇಡಮ್ಮ. ಆ ನೆರಳು ಹೋದರೆ ಅಳತೆ ಏರಬಹುದೇನೋ.’

‘ಸರ್, ದಕ್ಷತೆ ಅನ್ನೋದು ಭಾಗಾಕಾರ. ನೆರಳಿನಲ್ಲಿಟ್ಟರೆ ಬೆಳಕಿನ ಮೀಟರೂ ಕಡಿಮೆ ತೋರಿಸುತ್ತೆ, ಫಿಲ್ಮೂ ಕಡಿಮೆ ಕೊಡುತ್ತೆ. ಹೆಚ್ಚುಕಡಿಮೆ ಅಲ್ಲಿಗಲ್ಲಿಗೆ ಸರಿಹೋಗುತ್ತೆ. ಅದೂ ಅಲ್ಲದೆ ದ್ಯಾಮವ್ವನ ಚೀಟಿಯಲ್ಲಿ ದಿನಾ ಪೂರ್ತಿ ಬಿಸಿಲಿನ ಸಂಖ್ಯೆಯೇ ಇರುತ್ತೆ. ನೆರಳಿಗೂ ಇದಕ್ಕೂ ಸಂಬಂಧ ಇಲ್ಲ.’

‘ನೀನು ನೋಡಿದೀಯಾ?’

‘ಏನನ್ನ?’

‘ನೆರಳನ್ನ.’

ಆ ಪ್ರಶ್ನೆಗೂ ಶೇಕಡಾ ಹತ್ತಕ್ಕೂ ಏನು ಸಂಬಂಧ ಎಂದು ಕೇಳಿ ಹೊರಗೆ ಬಂದೆ.

ಮಂಗಳವಾರ ಎಂಟು ಪಾಯಿಂಟ್ ಮೂರು. ಬುಧವಾರ ಎಂಟು ಪಾಯಿಂಟ್ ನಾಲ್ಕು. ಚೀಟಿ ಕೊಡುವಾಗ ದ್ಯಾಮವ್ವ ‘ಬಂತೇನ್ರಿ ಬಾಯಾರ?’ ಎಂದು ಕೇಳುತ್ತಾಳೆ. ಇಲ್ಲ ಎಂದರೆ ‘ನಾಳಿ ಬರತೇತ್ರಿ’ ಅನ್ನುತ್ತಾಳೆ. ಹದಿನಾಲ್ಕು ತಿಂಗಳಿಂದ ಇದೇ ಎರಡು ಮಾತು. ಬುಧವಾರ ನನಗೆ ಆ ‘ನಾಳಿ’ ಕೇಳಿ ಕೈಲಿದ್ದ ಗಾಜಿನ ಚೂರನ್ನು ಗೋಡೆಗೆ ಎಸೆಯಬೇಕು ಅನಿಸಿತು. ಎಸೆಯಲಿಲ್ಲ. ಎಸೆದರೆ ಗುಡಿಸುವವಳು ಅವಳೇ.

ಗುರುವಾರ ದ್ಯಾಮವ್ವ ಗೋಡೆ ಹಿಡಿದುಕೊಂಡು ಬಂದಳು. ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು.

‘ಕೂತ್ಕೋ’ ಎಂದೆ. ‘ಇವತ್ತು ಹಾಲಪ್ಪ ಸರ್ ಒಯ್ಯಲಿ.’

ಹಾಲಪ್ಪ ಸರ್ ಅಂದು ಪುರಸಭೆಗೆ ಹೋಗಿದ್ದರು. ಗಂಟೆ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಅಂದಿನದು ನೂರಾಹನ್ನೆರಡನೆಯ ಫಿಲ್ಮು. ಅದು ಬಿಟ್ಟರೆ ಶುಕ್ರವಾರಕ್ಕೆ ಬೇರೆ ಇರಲಿಲ್ಲ. ಮತ್ತೊಂದು ದಿನವೂ ಇರಲಿಲ್ಲ. ನಾನು ಫಿಲ್ಮಿನ ಗಾಜನ್ನು ಒಂದು ಕೈಯಲ್ಲಿ, ಮೀಟರನ್ನು ಇನ್ನೊಂದರಲ್ಲಿ ಹಿಡಿದು ಮೆಟ್ಟಿಲ ಹತ್ತಿರ ಬಂದೆ.

ದ್ಯಾಮವ್ವ ಅಡ್ಡ ಬಂದಳು. ‘ನೀವ್ ಬ್ಯಾಡ್ರಿ ಬಾಯಾರ. ನಾನ ಹೊಕ್ಕೀನಿ. ಕುಂತ ಏರತೀನಿ, ಒಂದೊಂದ ಮೆಟ್ಲ.’

‘ಹನ್ನೆರಡು ಗಂಟೆಯ ಬಿಸಿಲಿಗೆ ನೀನು ಮೂರು ಗಂಟೆಗೆ ತಲುಪ್ತೀಯ. ಬಿಡು ದಾರಿ.’

‘ಇಡೋ ಜಾಗಾ ನಿಮಗ್ ಗೊತ್ತಿಲ್ರಿ.’

‘ತಾರಸಿ ಮೇಲೆ ಬಿಸಿಲಿನಲ್ಲಿ ಇಡೋಕೆ ಜಾಗ ಗೊತ್ತಿರಬೇಕಾ?’

ನಾನು ಹತ್ತಿದೆ. ಹಿಂದೆ ಅವಳು ಕುಂತು ಏರುವ ಸದ್ದು.

ತಾರಸಿಯ ಬಾಗಿಲು ದಾಟಿದ ಕೂಡಲೇ ಅವನು ಕಂಡ. ನೀರಿನ ಟ್ಯಾಂಕಿನ ಕಡೆ ತಲೆ. ಬಲಗೈ ಮೇಲೆತ್ತಿ ಎರಡು ಬೆರಳ ನಡುವೆ ಏನನ್ನೋ ಹಿಡಿದಿದ್ದಾನೆ. ಎಡಗೈ ತಲೆ ಕೆರೆಯುತ್ತಿದೆ. ಫಿಲ್ಮನ್ನು ಸೂರ್ಯನಿಗೆ ಹಿಡಿದು ನೋಡುವಾಗ ಹಾಗೇ ನಿಲ್ಲುತ್ತಿದ್ದ, ಗಂಟೆಗಟ್ಟಲೆ, ಕರೆದರೂ ಓಗೊಡದೆ. ಬೆರಳುಗಳ ತುದಿಯಲ್ಲಿ ತಿಳಿ ನೇರಳೆ ಬಣ್ಣದ ಒಂದು ಚೌಕ. ಹಿಂದಲೆಯಲ್ಲಿ ಎದ್ದು ನಿಂತ ಒಂದು ಕುಚ್ಚು ಕೂದಲು. ಎಣ್ಣೆ ಹಚ್ಚಿ ತಟ್ಟಿದರೂ ಅದು ಕೂರುತ್ತಿರಲಿಲ್ಲ. ನೆರಳಿನಲ್ಲೂ ಕೂತಿರಲಿಲ್ಲ.

ನಾನು ಅತ್ತುಬಿಡುತ್ತೇನೆಂದು ಹದಿನಾಲ್ಕು ತಿಂಗಳು ಹೆದರಿದ್ದೆ. ಅಳು ಬರಲಿಲ್ಲ. ಕಣ್ಣು ಅವನ ಅಂಗೈ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿ ನಾಲ್ಕು ಇಟ್ಟಿಗೆ ಚೂರು ಇದ್ದವು, ನಮ್ಮ ಫಿಲ್ಮಿನ ಗಾಜು ಸರಿಯಾಗಿ ಕೂರುವಷ್ಟು ಅಂತರ ಬಿಟ್ಟು. ಪಕ್ಕದಲ್ಲಿ ವೋಲ್ಟ್, ಕರೆಂಟ್ ತೋರಿಸುವ ಪೆಟ್ಟಿಗೆಯಿಂದ ಬಂದ ಎರಡು ಉದ್ದನೆಯ ವೈರು, ಅವುಗಳ ಕ್ಲಿಪ್ಪುಗಳಿಗೆ ಕೆಂಪು ಬಟ್ಟೆ ಸುತ್ತಿತ್ತು. ಅಲ್ಲಿಂದ ಎಂಟು ಹೆಜ್ಜೆ ಆಚೆ, ಕಟ್ಟೆಯ ಮೇಲೆ, ಸುಡುಬಿಸಿಲಿನಲ್ಲಿ, ಮಡಿಸಿದ ಗೋಣಿಚೀಲ. ಅದರ ಮೇಲೆ ಮೀಟರಿನ ಬುಡದ ದುಂಡು ಗುರುತು.

ದ್ಯಾಮವ್ವ ಬಾಗಿಲಿಗೆ ಬಂದು ಕೂತಳು, ಏದುಸಿರು ಬಿಡುತ್ತ.

‘ಫಿಲ್ಮ್ ಎಲ್ಲಿಡ್ತಿದ್ದೆ?’ ಎಂದೆ.

‘ಸಾಹೇಬ್ರ ಕೈಯಾಗ್ರಿ.’

‘ಮೀಟರು?’

‘ಕಟ್ಟಿ ಮ್ಯಾಲ್ರಿ. ಅದು ಕಬ್ಬಿಣದ್ದೈತಲ್ರಿ. ಸತ್ತವರ ಮ್ಯಾಲ ಕಬ್ಬಿಣ ಇಡ್ತಾರೇನ್ರಿ?’

‘ಯಾವತ್ತಿಂದ?’

‘ಮೊದಲಿಂದ್ರಿ. ಅವರು ಹ್ವಾದ ಮ್ಯಾಲ ನೀವು ಮೊದಲನೇ ಫಿಲಂ ಕೊಟ್ರಲ್ರಿ, ಅವತ್ತಿಂದ. ದಿನಾ ಅವರೇ ಮೊದಲ ನೋಡ್ತಿದ್ರು. ಅವರು ನೋಡದಂಗ ನಾವ್ ಹ್ಯಾಂಗ್ರಿ ಅಳಿಯೋದು?’

ನಾನು ಅಲ್ಲೇ ಕೂತೆ. ನೂರಾಹನ್ನೊಂದು ಫಿಲ್ಮು. ಒಂದೊಂದನ್ನೂ ನೆರಳಿನಲ್ಲಿ ಇಟ್ಟು, ಬೆಳಕನ್ನು ಮಾತ್ರ ಬಿಸಿಲಿನಲ್ಲಿ ಅಳೆದು, ಆ ದೊಡ್ಡ ಬೆಳಕಿನಿಂದ ಈ ಸಣ್ಣ ಕರೆಂಟನ್ನು ಭಾಗಿಸಿ, ಸಾಲದು ಸಾಲದು ಎಂದು ಕಸದ ಬುಟ್ಟಿಗೆ ಹಾಕಿದ್ದೆ. ಆಮೇಲೆ ನನಗೆ ಏನಾಯಿತೋ. ಹದಿನಾಲ್ಕು ತಿಂಗಳಲ್ಲಿ ಯಾರ ಮೇಲೂ ಏರದ ಧ್ವನಿ ಏರಿತು. ನಿನಗೆ ಬುದ್ಧಿ ಇಲ್ಲವೇ ಎಂದೆ. ಮೂರು ಸಂಖ್ಯೆ ಓದಲು ಕಲಿತರೆ ಸಾಕೇ ಎಂದೆ. ನನ್ನ ಒಂದು ವರ್ಷವನ್ನು ತಿಂದೆ ಎಂದೆ. ಅವನ ಕೈಗೆ ಕೊಟ್ಟೆಯಂತೆ, ಅವನು ನೋಡಿದನಂತೆ; ನೋಡಿ ಏನು ಹೇಳಿದ, ಚೆನ್ನಾಗಿ ಬಂತು ಅಂದನಾ ಎಂದೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರು ನಿಂತು ನೋಡಿದರು.

ದ್ಯಾಮವ್ವ ಊದಿದ ಕಾಲು ನೀವಿಕೊಳ್ಳುತ್ತ ಕೇಳಿಸಿಕೊಂಡಳು. ‘ಬೈರಿ’ ಎಂದಳು ಕೊನೆಗೆ. ‘ಯಾರಿಗರ ಬೈದ್ರ ಸಾಕಪಾ ಅಂತ ಕಾಯಾಕತ್ತಿದ್ದೆ. ಆದ್ರ ಬಾಯಾರ, ಒಂದ ಮಾತು. ನೀವು ಒಂದ ಸಲ ಮ್ಯಾಲ ಬಂದಿದ್ರ ಗೊತ್ತಾಗ್ತಿತ್ತಿಲ್ಲೋ?’

ಎದ್ದು ಫಿಲ್ಮನ್ನೂ ಮೀಟರನ್ನೂ ಕಟ್ಟೆಗೆ ಒಯ್ದು, ಬಿಸಿಲಿನಲ್ಲಿ ಪಕ್ಕಪಕ್ಕ ಇಟ್ಟು ವೈರು ಸಿಕ್ಕಿಸಿದೆ. ಚೀಟಿಯ ಹಿಂದೆ ಭಾಗಿಸಿದೆ. ಹನ್ನೆರಡು ಪಾಯಿಂಟ್ ಒಂದು.

‘ಬಂತೇನ್ರಿ?’

‘ಬಂತು.’

‘ನಾ ಹೇಳಿದ್ನಿಲ್ಲೋ ನಾಳಿ ಬರತೇತಿ ಅಂತ’ ಎಂದಳು. ಅವಳ ಕತ್ತು ಹಿಸುಕಬೇಕು ಅನಿಸಿತು.

ಹನ್ನೆರಡು ಬಂದ ಮೇಲೆ ಕೆಳಗೆ ಹೋಗಬಹುದಿತ್ತು. ಆದರೆ ನೂರಾಹನ್ನೊಂದು ಸಲ ತಪ್ಪು ಅಳೆದದ್ದನ್ನು ಒಂದು ಸಲವಾದರೂ ಸರಿಯಾಗಿ ಅಳೆಯಬೇಕಿತ್ತು. ಫಿಲ್ಮನ್ನು ಮತ್ತೆ ಇಟ್ಟಿಗೆ ಚೂರುಗಳ ನಡುವೆ ಕೂರಿಸಿದೆ. ಮೀಟರನ್ನು ತಂದು ಅವನ ಅಂಗೈ ಮೇಲೆ ಇಡಲು ಬಗ್ಗಿದೆ.

‘ಬಾಯಾರ! ಕಬ್ಬಿಣ!’

‘ಬದುಕಿದ್ದಾಗ ಇದೇ ಮೀಟರನ್ನ ಅವನು ಹೊಟ್ಟೆ ಮೇಲಿಟ್ಕೊಂಡು ನಿದ್ದೆ ಮಾಡ್ತಿದ್ದ’ ಎಂದೆ. ಇಟ್ಟೆ. ದ್ಯಾಮವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಏನೂ ಆಗಲಿಲ್ಲ. ಮೀಟರಿನ ಮುಳ್ಳು ಇಳಿದು ಬಿಸಿಲಿನ ನೂರಕ್ಕೆ ಅರವತ್ತರಲ್ಲಿ ನಿಂತಿತು. ಅವನ ನೆರಳು ನಲವತ್ತು ಪಾಲು ಬೆಳಕನ್ನು ತಿನ್ನುತ್ತಿತ್ತು. ಇದ್ದಾಗ ನನ್ನ ತಟ್ಟೆಯಿಂದ ತಿನ್ನುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಭಾಗಿಸಿದೆ. ಹದಿನಾಲ್ಕು.

ಮತ್ತೆ ಭಾಗಿಸಿದೆ. ಹದಿನಾಲ್ಕೇ.

ಬಿಸಿಲಿನಲ್ಲಿ ಹನ್ನೆರಡು, ನೆರಳಿನಲ್ಲಿ ಹದಿನಾಲ್ಕು. ನನಗೆ ಅರ್ಥವಾಗಲು ಐದು ನಿಮಿಷ ಹಿಡಿಯಿತು. ಬೆಳಕು ಜೋರಾಗಿದ್ದಾಗ ಫಿಲ್ಮಿನೊಳಗೆ ಹುಟ್ಟಿದ ವಿದ್ಯುತ್ಕಣಗಳು ಜಾತ್ರೆಯ ಜನದಂತೆ ಒಂದಕ್ಕೊಂದು ಡಿಕ್ಕಿ ಹೊಡೆದು ಅಲ್ಲೇ ನಾಶವಾಗುತ್ತವೆ. ಬೆಳಕು ಕಡಿಮೆಯಾದಾಗ ಸಾವಕಾಶವಾಗಿ ಹೊರಗೆ ಬರುತ್ತವೆ. ಎಲ್ಲ ಫಿಲ್ಮೂ ಹೀಗಲ್ಲ. ಹದಿನಾಲ್ಕು ತಿಂಗಳು ನಾನು ನನಗೇ ತಿಳಿಯದೆ ನೆರಳಿನಲ್ಲಿ ಚೆನ್ನಾಗಿ ದುಡಿಯುವ ಫಿಲ್ಮನ್ನೇ ಆರಿಸುತ್ತ ಬಂದಿದ್ದೆ. ಪ್ರತಿಯೊಂದನ್ನೂ ಅವನ ಕೈಯಲ್ಲಿಟ್ಟು ಪರೀಕ್ಷಿಸಿ.

ಮೊದಲ ವಾರದ ಐದೂವರೆಯನ್ನೂ ಅದೇ ಚೀಟಿಯ ಮೂಲೆಯಲ್ಲಿ ಅರವತ್ತರ ಲೆಕ್ಕಕ್ಕೆ ತಿರುಗಿಸಿ ನೋಡಿದೆ. ಒಂಬತ್ತು ಪಾಯಿಂಟ್ ಎರಡು. ಕೈಗುಣವಂತೆ!

ಶುಕ್ರವಾರ ಹನ್ನೆರಡಕ್ಕೆ ತಾರಸಿಯಲ್ಲಿ ನಾಲ್ವರಿದ್ದೆವು. ಗುರುಬಸಪ್ಪನವರು ಬಿಸಿಲಿನ ಅಳತೆಯನ್ನು ತಾವೇ ಓದಿ, ತಾವೇ ಭಾಗಿಸಿ, ಹಾಲಪ್ಪ ಸರ್ ಕೈಯಲ್ಲೂ ಭಾಗಾಕಾರ ಮಾಡಿಸಿ, ಹನ್ನೆರಡು ಎಂದು ಬರೆದು ಮೊಹರು ಹಾಕಿದರು. ಹಾಲಪ್ಪ ಸರ್ ಕನ್ನಡಕ ತೆಗೆದು ಒರೆಸಿದರು. ಈ ಸಲ ಒರೆಸುತ್ತಲೇ ಇದ್ದರು.

ಆಮೇಲೆ ನಾನು ಎರಡನ್ನೂ ಅವನ ಅಂಗೈಗೆ ತಂದಿಟ್ಟೆ. ಮುಳ್ಳು ಇಳಿಯಿತು. ಗುರುಬಸಪ್ಪನವರು ಬಗ್ಗಿ ಓದಿದರು, ಬರೆದುಕೊಂಡರು, ಬರೆದದ್ದನ್ನು ದಿಟ್ಟಿಸಿದರು.

‘ಇದು ಹ್ಯಾಂಗ್ ಹೆಚ್ಚಾತು?’

‘ಇದು ನೆರಳಿನ ಫಿಲ್ಮು’ ಎಂದೆ.

‘ಟಾಕೀಸಿನ ನೆರಳಾಗ ಹಾಕಿದ್ರ?’

‘ನಿಮ್ಮ ಮನೆ ಮೇಲೆ ಒಂದು ಫ್ಯಾನು, ಎರಡು ದೀಪಕ್ಕೆ ಮೋಸವಿಲ್ಲ. ಆದರೆ ನೆರಳಿನ ಫಿಲ್ಮನ್ನ ನೆರಳಿನಲ್ಲೇ ಅಳೀಬೇಕು. ಟ್ಯಾಂಕಿನ ನೆರಳು ಹೊತ್ತಿನ ಜೊತೆ ಸರಿಯುತ್ತೆ, ನಮ್ಮ ನಿಮ್ಮ ನೆರಳು ಸಂಜೆಗೆ ಮಾಸುತ್ತೆ. ಹದಿನಾಲ್ಕು ತಿಂಗಳು ಒಂದೇ ಸಮ ಅರವತ್ತಕ್ಕೆ ನಿಂತಿರೋದು ಇದೊಂದೇ.’

ಅವರು ಆ ಎದ್ದ ಕೂದಲಿನ ಕಡೆ ನೋಡಿದರು. ‘ನಮ್ಮ ಅವ್ವ ಹದಿನೆಂಟು ವರ್ಷದಿಂದ ಮಾಳಿಗಿ ಮ್ಯಾಲ ಶಾವಿಗಿ ಒಣಗಿಸಿಲ್ಲ ನೋಡ್ರಿ’ ಎಂದರು. ಫಿಲ್ಮಿನಿಂದ ಶಾವಿಗೆ ಒಣಗುವುದಿಲ್ಲ ಎಂದು ಹೇಳಲು ಹೊರಟವಳು ಬೇಡವೆಂದು ಬಿಟ್ಟೆ. ಅವರು ಜೇಬಿನಿಂದ ಹದಿನಾಲ್ಕನೆಯ ನೋಟಿಸಿನ ಇನ್ನೊಂದು ಪ್ರತಿ ತೆಗೆದರು. ‘ಹತ್ತು ದಾಟೇತಿ, ಕಟ್ಟಡ ನಿಮ್ಮದು. ಇದನ್ನ ತುಂಬಿ ಕೊಡ್ರಿ. ಆದ್ರ ಬಿಡುವಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ ತಾಯಿ. ಮ್ಯಾಲಿನವರು ನಗತಾರ.’

ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡೆ. ಹೆಸರು, ಸ್ಥಳ, ತೊಳೆಯಬೇಕಾದವರು. ನಾಲ್ಕನೆಯ ಕಾಲಮ್ಮಿನಲ್ಲಿ ಬರೆದೆ: ಬಳಕೆಯಲ್ಲಿದೆ.

ಗುರುಬಸಪ್ಪನವರು ಎರಡು ಸಲ ಓದಿದರು. ‘ಎಲ್ಲೀತನಕ?’

‘ಆ ಕಾಲಂ ನಿಮ್ಮ ಕಾಗದದಲ್ಲಿಲ್ಲ’ ಎಂದೆ.

ಅವರು ಮೊಹರು ಹಾಕಿ ಇಳಿದುಹೋದರು. ಹಾಲಪ್ಪ ಸರ್ ಹಿಂದೆಯೇ ಇಳಿದರು. ದ್ಯಾಮವ್ವ ಕುಂತೇ ಮುಂದೆ ಸರಿದು ಬಂದು ಅಂಗೈ ಮೇಲಿನ ಮೀಟರಿಗೆ ಕೈ ಹಾಕಿದಳು. ಬಿಡು, ಇರಲಿ ಎಂದೆ. ಅವಳು ಸೊಂಟದಿಂದ ಕೆಂಪು ಬಟ್ಟೆಯ ಒಂದು ತುಂಡು ತೆಗೆದು, ಮೀಟರನ್ನು ಎತ್ತಿ, ಅದರ ಅಡಿಗೆ ಹಾಸಿ ಮತ್ತೆ ಇಟ್ಟಳು. ನಾನು ಮುಳ್ಳು ನೋಡಿದೆ. ಅರವತ್ತು.

‘ನಾಳೆ ಹನ್ನೆರಡಕ್ಕೆ ನೀನು ಬರಬೇಡ’ ಎಂದೆ. ‘ಕಾಲಿಗೆ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿರು. ನಾನು ಹತ್ತುತ್ತೇನೆ.’